ದೀಪ ಎಂದು ಬರೆದ ಸ್ವಿಚ್ಚು

ನನ್ನ ಗಂಡ ಹೆಡ್ಲಿ ನಿವೃತ್ತನಾದ ವರ್ಷ ಜರ್ಮನಿಯಿಂದ ಬಂದ ಹಳೇ ಮನೆಗಾಡಿಯೊಂದನ್ನು ಕೊಂಡು ತಂದ. ಮಂಚ, ಒಲೆ, ಫ್ರಿಜ್ಜು, ಕಕ್ಕಸು ಎಲ್ಲಾ ಒಳಗೇ. ಬಾಗಿಲ ಮೇಲೊಂದು ಕಂದು ಸ್ವಿಚ್ ಬೋರ್ಡು, ಅದರ ತುಂಬಾ ಮಾರುದ್ದದ ಜರ್ಮನ್ ಪದಗಳು. ನಮ್ಮಿಬ್ಬರಿಗೂ ಆ ಭಾಷೆ ಒಂದಕ್ಷರ ಬಾರದು.

ಬಲ್ಲವರನ್ನು ಕೇಳು ಅಂದೆ. ಈ ಮಹಾನುಭಾವ ಕೇಳಿಯಾನೇ? ಒಂದು ಭಾನುವಾರ ಕೂತು ಒಂದೊಂದೇ ಸ್ವಿಚ್ಚು ಒತ್ತಿ, ಏನು ಹತ್ತಿತು ಏನು ಆರಿತು ನೋಡಿ, ಜರ್ಮನ್ ಪದಗಳ ಮೇಲೆ ಬಿಳಿ ಟೇಪು ಅಂಟಿಸಿ ಇಂಗ್ಲಿಷಿನಲ್ಲಿ ಬರೆದ. ಮೊದಲನೆಯದನ್ನು ಒತ್ತಿದಾಗ ದೀಪ ಹತ್ತಿತು. ಅದಕ್ಕೆ 'ದೀಪ' ಅಂತ ಬರೆದ. ಆ ಸ್ವಿಚ್ಚಿನ ಮಟ್ಟಿಗೆ ಅಲ್ಲಿಗೆ ಮುಗಿಯಿತು ಅವನ ಸಂಶೋಧನೆ.

ಜುಲೈ ಸೆಕೆಯಲ್ಲಿ ಇಂಗ್ಲೆಂಡಿನ ಕ್ರೋಮರ್ ಹತ್ತಿರ, ಮನೆಗಾಡಿಗಳು ತಂಗುವ ಸಮುದ್ರದ ಪಕ್ಕದ ಮೈದಾನದಲ್ಲಿ ಗಾಡಿ ನಿಲ್ಲಿಸಿದೆವು. ಅಲ್ಲಿಯ ಗಂಡಸರಿಗೆ ಚಹಾ ಮಗ್ಗು ಹಿಡಿದು ಕಂಡವರ ಗಾಡಿಯೊಳಗೆ ಇಣುಕುವುದೇ ಕೆಲಸ. ಬಂದವರಿಗೆಲ್ಲ ಹೆಡ್ಲಿ ಬೋರ್ಡು ತೋರಿಸಿ ಕೊಚ್ಚಿಕೊಳ್ಳುತ್ತಿದ್ದ. ಪಕ್ಕದ ಗಾಡಿಯ ಬ್ರಾಕ್ಲಿಯಂತೂ ಇವನನ್ನು ಎಂಜಿನಿಯರೇ ಅಂದುಕೊಂಡಿದ್ದ.

ನನಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ನೆಲ್ಲಾ ಫ್ರಿಜ್ಜಿನ ಬಾಗಿಲಲ್ಲಿ, ಹಾಲಿನ ಪಕ್ಕ ಇರುತ್ತಿತ್ತು. ಎಡಗಾಲಿನ ಹೆಬ್ಬೆರಳಿನ ಮೇಲೆ ಒಂದು ಹುಣ್ಣು. ಅದಾದಾಗಿಂದ ಚಹಾ ಮಾಡುವವನೂ, ಫ್ರಿಜ್ಜಿನಿಂದ ಇನ್ಸುಲಿನ್ ತಂದುಕೊಡುವವನೂ ಹೆಡ್ಲಿಯೇ. ಸಕ್ಕರೆ ಹತೋಟಿ ತಪ್ಪಿದರೆ ಬೆರಳು ಉಳಿಯಲ್ಲ ಅಂತ ಹೊರಡುವ ಮೊದಲೇ ನರ್ಸು ಎಚ್ಚರಿಸಿದ್ದಳು. ಇಲ್ಲಿಗೆ ಬಂದ ಮೇಲೆ ಸಕ್ಕರೆ ಏರುತ್ತಲೇ ಹೋಯಿತು. ಹುಣ್ಣಿನಿಂದ ಕೀವು, ನಾತ. ನನ್ನ ಕಾಲು ನೋಡಿದರೆ ನನಗೇ ಹೇಸಿಗೆಯಾಗುತ್ತಿತ್ತು.

ಕದ್ದು ಬಿಸ್ಕತ್ತು ತಿನ್ನುತ್ತೀಯ ಅಂತ ಹೆಡ್ಲಿ ತಪ್ಪನ್ನು ನನ್ನ ತಲೆಗೆ ಕಟ್ಟಿದ. ಬ್ರಾಕ್ಲಿ ದಂಪತಿಯ ಎದುರೇ ಡಬ್ಬಿ ಅಲ್ಲಾಡಿಸಿ ತೋರಿಸಿದ. ಅವರು ನಕ್ಕರು. ಪೆದ್ದಿಯ ಹಾಗೆ ನಾನೂ ನಕ್ಕೆ. ಟೋಸ್ಟು, ಆಲೂಗಡ್ಡೆ ಎಲ್ಲಾ ಬಿಟ್ಟೆ. ಏನು ಬಿಟ್ಟರೂ ಸಕ್ಕರೆ ಇಳಿಯಲಿಲ್ಲ.

ಒಂದು ಮಧ್ಯಾಹ್ನ ಇಬ್ಬರೂ ಪೇಟೆಗೆ ಹೊರಟಿದ್ದೆವು. ಕಾಲು ನೋವು ತಡೆಯದೆ ನಾನೊಬ್ಬಳೇ ಅರ್ಧ ದಾರಿಯಿಂದ ವಾಪಸು ಬಂದೆ. ಮುಚ್ಚಿದ ಗಾಡಿ ಒಳಗೆ ಒಲೆಯಂತೆ ಕಾದಿತ್ತು. ಪರದೆ ಎಳೆದಿದ್ದರಿಂದ ಕತ್ತಲು. 'ದೀಪ' ಒತ್ತಿದೆ. ದೀಪದ ಜೊತೆಗೇ ಫ್ರಿಜ್ಜಿನಲ್ಲಿ ಟಿಕ್ ಅಂತ ಸದ್ದಾಗಿ, ಅದರ ಹಸಿರು ಬೊಟ್ಟು ಬೆಳಗಿತು. ಆರಿಸಿದೆ. ಬೊಟ್ಟೂ ಆರಿತು. ಇದು ಆರಿರುವಾಗ ಬೋರ್ಡಿನ ಬೇರೆ ಯಾವ ಸ್ವಿಚ್ಚು ಒತ್ತಿದರೂ ಏನೂ ಹತ್ತಲಿಲ್ಲ. ಅದು ದೀಪದ ಸ್ವಿಚ್ಚಲ್ಲ, ಇಡೀ ಗಾಡಿಯ ಮೇನ್ ಸ್ವಿಚ್ಚು. ಫ್ರಿಜ್ಜು ಗ್ಯಾಸಿನಿಂದ ನಡೆಯುವುದೇ ಆದರೂ, ಗ್ಯಾಸು ಉರಿಯುತ್ತಿರಬೇಕಾದರೆ ಬ್ಯಾಟರಿಯ ಕರೆಂಟು ಬೇಕು.

ನಮ್ಮ ಇಂಗ್ಲಿಷ್ ಜನಕ್ಕೆ ಮಲಗುವಾಗ, ಹೊರಗೆ ಹೊರಡುವಾಗ ಗೋಡೆಯ ಸ್ವಿಚ್ಚುಗಳನ್ನೆಲ್ಲ ಆರಿಸದಿದ್ದರೆ ನೆಮ್ಮದಿಯಿಲ್ಲ. ಹೆಡ್ಲಿ ಅದರಲ್ಲಿ ಎತ್ತಿದ ಕೈ. ಹಗಲು ಬೆಳಕಿರುವಾಗ 'ದೀಪ'ವನ್ನು ಮುಟ್ಟುತ್ತಲೂ ಇರಲಿಲ್ಲ. ಅಂದರೆ ಸಂಜೆ ದೀಪ ಉರಿದಷ್ಟು ಹೊತ್ತು ಬಿಟ್ಟು, ಮಿಕ್ಕೆಲ್ಲ ಹೊತ್ತು ನನ್ನ ಇನ್ಸುಲಿನ್ ಆ ಬೇಗೆಯಲ್ಲಿ ಬೆಂದು ಸತ್ವ ಕಳೆದುಕೊಂಡಿತ್ತು.

ಫ್ರಿಜ್ಜು ತೆರೆದೆ. ಹುಳಿ ನಾತ ಮೂಗಿಗೆ ಬಡಿಯಿತು. ಬೆಣ್ಣೆ ಕರಗಿ ಹರಿದಿತ್ತು, ಹಾಲು ಒಡೆದು ಗಡ್ಡೆ ಕಟ್ಟಿತ್ತು. ಆದರೆ ಚಹಾಕ್ಕೆ ದಿನಾ ಒಳ್ಳೇ ಹಾಲೇ ಇರುತ್ತಿತ್ತಲ್ಲ?

ಅಷ್ಟರಲ್ಲಿ ಹೆಡ್ಲಿ ಬಾಗಿಲಲ್ಲಿ ನಿಂತ. ಕೈಯಲ್ಲಿ ಹೊಸ ಹಾಲಿನ ಬಾಟಲಿ. ನನ್ನನ್ನು ಕಂಡು ಅದನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಯಾವಾಗಿಂದ ಹಾಲು ಬದಲಾಯಿಸ್ತಿದೀಯ?" ಅಂದೆ.

"ಬಂದಾಗಿಂದ. ಫ್ರಿಜ್ಜು ಯಾಕೆ ನಿಲ್ತಿದೆ ಅಂತ ತಿಳೀಲಿಲ್ಲ, ಏವ್ರಿಲ್. ಸರಿ ಮಾಡಿ ಆಮೇಲೆ ಹೇಳೋಣ ಅಂತಿದ್ದೆ."

"ನನ್ನ ಇನ್ಸುಲಿನ್ನೂ ಅಲ್ಲೇ ಇತ್ತಲ್ಲೋ."

"ಗೊತ್ತಿತ್ತು. ಹೇಳಿದ್ರೆ ಬ್ರಾಕ್ಲಿ ತನಕ ಹೋಗುತ್ತೆ ಅಂತ..."

ಥೂ. ಮೂವತ್ತೆಂಟು ವರ್ಷ ಇವನ ಪಕ್ಕ ಮಲಗಿದ್ದೆನಲ್ಲ ಅನ್ನಿಸಿತು.

ಬ್ರಾಕ್ಲಿಯ ಹೆಂಡತಿ ತನ್ನ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದಳು. ಬೆರಳು ತೆಗೆದರು. ಎಚ್ಚರವಾಗಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ, ಪಕ್ಕದ ಮಂಚದವಳ ಹತ್ತಿರ ಹೆಡ್ಲಿ ಮೆಲ್ಲಗೆ ಮಾತಾಡುವುದು ಕೇಳಿಸಿತು.

"ಏನ್ಮಾಡೋದು ಹೇಳಿ, ಇವಳು ಬಾಯಿ ಕಟ್ಟೋದೇ ಇಲ್ಲ."

ನರ್ಸನ್ನು ಕರೆದೆ. ಈ ಮನುಷ್ಯನನ್ನು ಹೊರಗೆ ಕಳಿಸಿ, ಇನ್ನು ಒಳಗೆ ಬಿಡಬೇಡಿ ಅಂದೆ.