ರಾದಿಸಾವ್‌ನ ಮುಗಿದ ದಿನಗಳು
ಆಸ್ಟ್ರಿಯಾದ ಆಸ್ಪತ್ರೆಯಲ್ಲಿ ಸಾವಿನ ಅಂಚಿನಲ್ಲಿದ್ದ ಅಕ್ಕನನ್ನು ನೋಡಲು ಸೆರ್ಬಿಯಾದ ಲಾರಿ ಚಾಲಕ ರಾದಿಸಾವ್ ಹೆಂಡತಿ ದೆಸಾಂಕಾಳೊಡನೆ ಬಸ್ಸಿನಲ್ಲಿ ಹೊರಟಿದ್ದ. ಹಂಗೇರಿಯ ಗಡಿಯಲ್ಲಿ ಅಧಿಕಾರಿ ಅವನ ಪಾಸ್‌ಪೋರ್ಟನ್ನು ಹಿಂದಕ್ಕೆ ಕೊಟ್ಟ.

“ನಿಮ್ಮ ದೇಶದೋರು ನೂರೆಂಬತ್ತು ದಿನದಲ್ಲಿ ತೊಂಬತ್ತೇ ದಿನ ಯುರೋಪ್ ಒಕ್ಕೂಟದ ಒಳಗಿರಬಹುದು. ನಿಮ್ದು ಮುಗಿದಿದೆ. ಹಳೇ ದಿನ ಲೆಕ್ಕದಿಂದ ಬಿಟ್ಟುಹೋಗೋಕೆ ಇನ್ನೂ ಹನ್ನೊಂದು ದಿನ ಬೇಕು.”

“ಅವೆಲ್ಲ ಲಾರೀಲಿ ಕಳೆದ ದಿನ ಸಾರ್. ಅಕ್ಕನ ಊರಿನ ಪಕ್ಕದಲ್ಲೇ ಹಾದುಹೋದ್ರೂ ಒಂದ್ಸಲಾನೂ ಇಳೀಲಿಲ್ಲ.”

“ಇಳಿದ್ರೂ ಇಳೀದಿದ್ರೂ ದಿನ ದಿನಾನೇ.”

ರಾದಿಸಾವ್ ಹೆಂಡತಿಯನ್ನು ಕಳಿಸಿ, ತಾನು ಮನೆಗೆ ಮರಳಿದ. ಮೂರನೆಯ ದಿನ ದೆಸಾಂಕಾ ಫೋನ್ ಮಾಡಿದಳು.

“ಅಕ್ಕ ಹೋಗ್ಬಿಟ್ರು ಕಣ್ರೀ. ನಿಮ್ಮನ್ನೇ ಕೇಳ್ತಿದ್ರು. ಕೆಳಗೆ ಲಾರಿ ನಿಲ್ಲಿಸ್ತಿದ್ದಾರೆ, ಬರ್ತಾರೆ ಅಂತ ಸುಳ್ಳು ಹೇಳ್ದೆ.”

“ಮಣ್ಣು ಯಾವಾಗ?”

“ನಾಡಿದ್ದು.”

ಅವನಿಗೆ ಇನ್ನೂ ಎಂಟು ದಿನ ಬಾಕಿಯಿತ್ತು.