ಗೇಟು ದಾಟಿದ ಜ್ವರ

ನಯನಾಳ ಮೈ ಕಾದ ಹೆಂಚಾಗಿತ್ತು. ಲತಾಮಣಿ ಮಗಳ ಬಾಯಿಗೆ ಒಂದು ಮುಚ್ಚಳ ಜ್ವರದ ಸಿರಪ್ ಸುರಿದು ಗಂಡಸಿ ಊರಿನ ಸ್ಟಾಪಿನಲ್ಲಿ ಬಸ್ ಹತ್ತಿದಳು. ಅರಸೀಕೆರೆ ಹತ್ತಿರದ ಕೊಬ್ಬರಿಪುಡಿ ಫ್ಯಾಕ್ಟರಿ ಮುಟ್ಟುವಷ್ಟರಲ್ಲಿ ಕೂಸಿನ ಮೈ ತಣ್ಣಗಾಗಬೇಕು. ಗೇಟಿನಲ್ಲಿ ಸೂಪರ್‌ವೈಸರ್ ರವಿಕುಮಾರ್ ಫ್ಯಾಕ್ಟರಿಯ ಕೂಸುಗಳ ಕೋಣೆಗೆ ಬರುವ ಮಕ್ಕಳ ಹಣೆಗೆ ಜ್ವರ ಅಳೆಯುವ ಮೀಟರ್ ಹಿಡಿಯುತ್ತಿದ್ದ. ಜ್ವರ ಕಂಡರೆ ತಾಯಿ, ಮಗು ಇಬ್ಬರೂ ವಾಪಸ್. ತಿಂಗಳಿಗೆ ಮೂರು ಸಲ ವಾಪಸಾದರೆ ಕೆಲಸಕ್ಕೆ ಎಳ್ಳುನೀರು ಬಿಟ್ಟಂತೆಯೇ. ಹಾಗಾಗಿ ಕಾಯಿಯ ಸಿಪ್ಪೆ ಹೆರೆಯುವ ಹೆಂಗಸರೆಲ್ಲ ಈ ಸಿರಪ್ಪಿನ ಉಪಾಯವನ್ನು ಒಬ್ಬರಿಗೊಬ್ಬರು ಹೇಳಿಕೊಟ್ಟಿದ್ದರು.

ಒಳಗೆ ಹೋಗುವ ಮುಂಚೆ ಸೋಪು ಹಚ್ಚಿ ಕೈ ತೊಳೆಯಬೇಕು, ಉಗುರು ತೋರಿಸಬೇಕು. ಪುಡಿ ಹೊರದೇಶಕ್ಕೆ ಹೋಗುವಂಥದ್ದು, ಮಡಿಯೆಂದರೆ ಮಡಿ! ಪಕ್ಕದ ಕೂಸುಗಳ ಕೋಣೆಯಲ್ಲಿ ಮಾತ್ರ ನಲ್ಲಿ ಒಣಗಿ ಎರಡು ತಿಂಗಳಾಗಿತ್ತು. ಆಯಾ ಸುವರ್ಣಮ್ಮ ಹದಿನಾರು ಮಕ್ಕಳ ಬಾಯಿ ಮೂಗನ್ನು ಒಂದೇ ಬಕೆಟ್ ನೀರಿನಲ್ಲಿ ಅದ್ದಿದ ಒಂದೇ ಟವೆಲಿನಿಂದ ಒರೆಸುತ್ತಿದ್ದಳು.

ವಾರದೊಳಗೆ ಒಂಬತ್ತು ಮಕ್ಕಳ ಅಂಗೈ, ಅಂಗಾಲು, ಬಾಯಲ್ಲೆಲ್ಲ ಗುಳ್ಳೆ ಎದ್ದವು. ಜೊತೆಯಲ್ಲಿ ಕಾಯಿ ಹೆರೆಯುವ ಸೌಂದರ್ಯಳ ಎಂಟು ತಿಂಗಳ ಮಗು ಹಾಲು ನುಂಗಲಾರದೆ ಸೊರಗಿ ಆಸ್ಪತ್ರೆ ಸೇರಿತು.

"ವೈರಸ್ ಕಣಮ್ಮ. ಎಂಜಲು, ಕೈ, ಬಟ್ಟೆ ಎಲ್ಲದರಿಂದ ಹಬ್ಬುತ್ತೆ. ಒಂದು ಮಗು ತಂದ್ರೆ ಸಾಕು," ಎಂದರು ಡಾಕ್ಟರು, ಮಗುವನ್ನು ನೋಡಲು ಹೋಗಿದ್ದ ಲತಾಮಣಿಗೆ.

ಲತಾಮಣಿ ಕಂಕುಳಲ್ಲಿದ್ದ ಮಗಳ ಅಂಗೈ ಬಿಡಿಸಿ ನೋಡಿದಳು. ಮೊದಲು ಗುಳ್ಳೆ ಎದ್ದದ್ದು ನಯನಾಳಿಗೆ.

ಸೋಮವಾರ ಬೆಳಿಗ್ಗೆ ರವಿಕುಮಾರ್ ಸುವರ್ಣಮ್ಮನ ಚೀಲವನ್ನು ಗೇಟಿನ ಹೊರಗೆ ಎಸೆದಿದ್ದ.

"ಗಲೀಜು ಹೆಂಗ್ಸು. ಇವಳಿಂದ್ಲೇ ರೋಗ ಹಬ್ಬಿದ್ದು."

"ನಲ್ಲಿ ರಿಪೇರಿ ಮಾಡ್ಸಿ, ಸೋಪು ಕೊಡಿ ಅಂತ ಎಷ್ಟ್ ಸಲ ಕೇಳ್ಕೊಂಡೆ ಸಾ..." ಸುವರ್ಣಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಸುಮ್ಮನಿದ್ದರೆ ಲತಾಮಣಿಯ ಕೆಲಸ ಉಳಿಯುತ್ತಿತ್ತು. ಆದರೆ ಆ ಮುದುಕಿಯ ಮುಖ ನೋಡಿ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ರೋಗ ತಂದೋಳು ನಾನು ಕಣ್ರೀ. ಸಿರಪ್ ಕುಡ್ಸಿ ನಿಮ್ ಮೀಟ್ರಿನ ಕಣ್ಣಿಗೆ ಮಣ್ಣೆರಚಿದೆ. ಮನೇಲಿದ್ರೆ ಕೆಲ್ಸ ಕಿತ್ಕೊಂತಿದ್ರಿ. ಇನ್ನೇನ್ ಮಾಡ್ಲಿ?"

"ಹಂಗಾದ್ರೆ ನೀನೂ ಹೊರಡು!"

"ನಾನೂ ಕುಡ್ಸಿದ್ದೆ," ಎಂದಿತು ಹಿಂದಿನಿಂದ ಒಂದು ದನಿ.

"ನಾನೂವೆ."

"ನಾನೂ."

ಹನ್ನೊಂದು ಹೆಂಗಸರು. ಒಬ್ಬರೂ ಒಳಗೆ ಕಾಲಿಡಲಿಲ್ಲ.

"ಕೋಣೆಗೆ ನೀರು, ಸೋಪು ಬರ್ಬೇಕು," ಎಂದಳು ಲತಾಮಣಿ. "ಮಗೀಗೆ ಹುಷಾರಿಲ್ದಾಗ ಸಂಬಳದ ರಜ ಬೇಕು. ಸುವರ್ಣಮ್ಮ ಇಲ್ಲೇ ಇರ್ಬೇಕು."

ರವಿಕುಮಾರನ ಹಣೆಯಲ್ಲಿ ಬೆವರು ಕಿತ್ತುಕೊಂಡಿತು.

"ಒಡೆದ ಕಾಯಿ ರಾಶಿ ಬಿದ್ದೈತೆ. ಮಧ್ಯಾಹ್ನದೊಳಗೆ ಹೆರೀದಿದ್ರೆ ಅಷ್ಟೂ ಕೆಟ್ಟೋಗ್ತವೆ!"

ಲತಾಮಣಿ ಮಗಳನ್ನು ಮಡಿಲಿಗೆ ಎಳೆದುಕೊಂಡು ಗೇಟಿಗೆ ಅಡ್ಡವಾಗಿ ಕೂತಳು.

"ಕೆಡ್ಲಿ ಬಿಡಿ. ನಾಳೆ ಬೇರೆ ಕಾಯಿ ಬರ್ತವೆ, ಮಕ್ಳು ಬರ್ತಾವಾ?"