ಮೇಲಿಂದ ಸುರಿದ ನೀರು

"ಸಕ್ರೀ, ಕೊಡ ಹಿಂದ ಸರಸ. ನಳಕ್ಕ ತಾಗಿತಂದ್ರ ತೊಗಲ ಸುಲೀತೀನಿ, ಹಲ್ಕಟ್ ರಂಡಿ."

ಹೀಗೆ ಬೈಯದೆ ಚನ್ನವ್ವ ನಮ್ಮ ಕೇರಿಯವರಿಗೆ ನೀರು ಹಾಕಿದ್ದೇ ಇಲ್ಲ. ಗಜೇಂದ್ರಗಡದಲ್ಲಿ ಊರ ನಳಕ್ಕೆ ನೀರು ಬಂದು ಹದಿನಾರು ದಿನವಾಗಿತ್ತು. ಅವಳ ಗಂಡ ಕಳಕಪ್ಪ ಕಾಳಿನ ವ್ಯಾಪಾರಿ. ಹಿತ್ತಲಿನ ಎದೆಮಟ್ಟದ ಸಿಮೆಂಟ್ ಟಾಕಿಗೆ ಟ್ಯಾಂಕರ್ ತರಿಸಿ, ಕೊಡಕ್ಕೆ ಹತ್ತು ರೂಪಾಯಿಯಂತೆ ಮಾರುತ್ತಿದ್ದ.

ಉಳಿದವರು ಟಾಕಿಯ ಬುಡದ ನಳಕ್ಕೇ ಕೊಡ ಹಿಡಿದು ತುಂಬಿಕೊಳ್ಳುತ್ತಿದ್ದರು. ನಮಗೆ ಮಾತ್ರ ಚನ್ನವ್ವ ಬಕೆಟ್ಟಿನಲ್ಲಿ ಹಿಡಿದು, ಕಟ್ಟೆಯ ಮೇಲೆ ನಿಂತು, ಎತ್ತರದಿಂದ ಸುರಿಯುತ್ತಿದ್ದಳು. ಅರ್ಧ ಕೊಡಕ್ಕೆ, ಅರ್ಧ ನೆಲಕ್ಕೆ. ರೂಪಾಯಿ ಮಾತ್ರ ಪೂರಾ ಹತ್ತು. ನಮ್ಮ ನೋಟನ್ನು ಕೈಯಿಂದ ಕೈಗೆ ಇಸಿದುಕೊಳ್ಳಲು ಅವಳಿಗೆ ಯಾವ ಮೈಲಿಗೆಯೂ ಇರಲಿಲ್ಲ.

ನನ್ನ ಮಗಳು ಹೆತ್ತು ಐದು ದಿನ. ಎರಡು ದಿನದಿಂದ ಕೂಸಿಗೆ ಎರೆದಿರಲಿಲ್ಲ, ಅದರ ಕಂಕುಳಲ್ಲಿ ಕೆಂಪು ಬೊಕ್ಕೆ ಎದ್ದಿದ್ದವು. ಕೈಯಲ್ಲಿದ್ದದ್ದು ಹತ್ತೇ ರೂಪಾಯಿ, ಒಯ್ಯಬೇಕಿದ್ದದ್ದು ಒಂದು ತುಂಬಿದ ಕೊಡ.

ಚನ್ನವ್ವ ನೋಟು ಇಸಿದುಕೊಂಡು ಸುರಿದಳು. ಕೊಡ ಅರ್ಧಕ್ಕೇ ನಿಂತಿತು.

"ಅವ್ವಾರ, ಅರ್ಧನೂ ತುಂಬಿಲ್ರಿ. ಮಗಳು ಬಾಣಂತಿ ಅದಾಳ್ರಿ."

"ಹಡಿಯಾಗ ನನ್ನ ಕೇಳಿ ಹಡದ್ಳೇನ? ಕೆಳಗ ಬಿದ್ದದ್ದೂ ನನ್ನ ನೀರ. ನಡಿ ಮುಂದ."

ಪಾಳಿ ಹಚ್ಚಿ ನಿಂತವರಲ್ಲಿ ಯಾರೋ ನಕ್ಕರು. ನನ್ನ ಕಾಲಬುಡದಲ್ಲಿ ಕೂಸಿನ ಸ್ನಾನ ಕೆಸರಾಗಿ ಹರಿಯುತ್ತಿತ್ತು.

ಟ್ಯಾಂಕರಿನವನು ಆಗಷ್ಟೇ ಪೈಪು ಎಳೆದುಕೊಂಡು ಹೋಗಿದ್ದ, ಟಾಕಿಯ ಮುಚ್ಚಳ ತೆರೆದೇ ಇತ್ತು. ಕಟ್ಟೆ ಹತ್ತಿದೆ. ಕೊಡ ಹಿಡಿದ ಕೈಯನ್ನು ಟಾಕಿಯೊಳಗೆ ಮೊಣಕೈವರೆಗೆ ಮುಳುಗಿಸಿದೆ. ನೀರು ತಣ್ಣಗಿತ್ತು.

ಚನ್ನವ್ವ ಬಾಯಿ ಬಡಿದುಕೊಂಡಳು. ಕಳಕಪ್ಪ ಅಂಗಡಿಯಿಂದ ಓಡಿ ಬಂದ.

"ಟಾಕಿನ ಹೊಲಸ ಮಾಡಿದೆಲ್ಲ, ನಿನ್ನೌನ್," ಎಂದು ಕೈ ಎತ್ತಿದ.

ಪಾಳಿಯ ಮುಂದಿದ್ದ ಪರಶಪ್ಪ ಆಗ ಕೇಳಿದ, "ಸಾವ್ಕಾರ್ರ, ಹಂಗಾರ ಈ ನೀರ ಚೆಲ್ಲತೀರೇನ್ರಿ?"

ಎತ್ತಿದ ಕೈ ಅಲ್ಲೇ ನಿಂತಿತು. ಕಳಕಪ್ಪ ಟಾಕಿ ನೋಡಿದ. ಆಗಷ್ಟೇ ಎರಡು ಸಾವಿರ ಕೊಟ್ಟು ತುಂಬಿಸಿದ ನೀರು. ಪಾಳಿ ನೋಡಿದ. ಹೆಂಡತಿಗೆ ಬಾಯಿ ಮುಚ್ಚಲು ಹೇಳಿದ. ಇವಳು ಬರೀ ಅಂಚಿಗೆ ಕೈ ಹಚ್ಚಿದ್ದಾಳೆ, ನೀರಿಗೆ ಏನೂ ಆಗಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಆಮೇಲೆ ನನ್ನತ್ತ ಬಾಗಿ, ಹೌದು ಅನ್ನು, ಇಲ್ಲದಿದ್ದರೆ ನಾಳೆಯಿಂದ ನಿಮ್ಮ ಕೇರಿಗೆ ಹನಿ ನೀರೂ ಇಲ್ಲ ಎಂದ.

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಕೇರಿಯ ನಾಳೆಯ ನೀರೂ ಉಳಿಯುತ್ತಿತ್ತು. ಆದರೂ ಒದ್ದೆ ತೋಳನ್ನು ಎತ್ತಿ ಪಾಳಿಗೆ ತೋರಿಸಿದೆ.

"ಅಂಚಿಗಲ್ಲ. ಮೊಣಕೈ ಮಟ ಮುಳುಗಿಸೀನಿ. ಬ್ಯಾಡಾದವರು ಮನಿಗೆ ಹೋಗ್ರಿ."

ಯಾರೂ ಹೋಗಲಿಲ್ಲ. ಪರಶಪ್ಪ ತಲೆ ತಗ್ಗಿಸಿಕೊಂಡು ನಳಕ್ಕೆ ಕೊಡ ಹಿಡಿದ. ಚನ್ನವ್ವ ಅವನ ನೋಟು ಇಸಿದುಕೊಂಡಳು. ನಾಳೆ ಬಾ, ತೋರಿಸುತ್ತೇನೆ ಎಂದು ಕಳಕಪ್ಪ ನನ್ನ ಬೆನ್ನಿಗೆ ಕೂಗುತ್ತಲೇ ಇದ್ದ.

ತುಂಬಿದ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಹೊರಟೆ. ಹಿತ್ತಲಿನ ದಾರಿ ಇಕ್ಕಟ್ಟು. ಉಳಿದ ದಿನ ನಾನು ಬಂದರೆ ಸೆರಗು ಎಳೆದುಕೊಂಡು ದೂರ ಸರಿಯುತ್ತಿದ್ದವರು, ಅಂದು ಒಬ್ಬರೂ ಸರಿಯಲಿಲ್ಲ. ಸರಿದರೆ ಪಾಳಿ ತಪ್ಪುತ್ತಿತ್ತು. ಅವರ ಭುಜಕ್ಕೆ ಭುಜ ತಾಗಿಸುತ್ತಲೇ ನಡೆದೆ. ನೀರನ್ನು ಮಾತ್ರ ಒಂದು ಹನಿಯೂ ಅವರ ಮೇಲೆ ತುಳುಕಗೊಡಲಿಲ್ಲ. ಅದು ಕೂಸಿನದು.